ಪರದೆಯ ಕಾಡು

ವಸ್ತುಸಂಗ್ರಹಾಲಯದ ಗೋಡೆಗೆ ಅಂಟಿಸಿದಂತೆ ಬಡಿದಿದ್ದ ಹಳೆಯ ನಾಟಕ ಕಂಪನಿಯೊಂದರ ಪರದೆಯ ಮುಂದೆ ಮುದುಕ ಉಸ್ಸೆಂದು ಕುಳಿತ. ಪರದೆಯ ತುಂಬ ಕಾಡು. ದಟ್ಟ ಮರಗಳ ನಡುವೆ ಒಂದು ಕಾಲುದಾರಿ. ಅದೇ ಕಂಪನಿಯಲ್ಲಿ ಅವನ ಜೊತೆ ಬಣ್ಣ ಹಚ್ಚಿ ವಯಸ್ಸು ಕಳೆದಿದ್ದ ಅವನ ಹೆಂಡತಿ ಪಕ್ಕದಲ್ಲಿ ನಿಂತಿದ್ದಳು.

“ಇದು ಯಾವ ಕಾಡ್ರಿ, ಅಜ್ಜಾರ?” ಚಿತ್ರದ ವಿವರ ಬರೆದುಕೊಳ್ಳಲು ಅವರನ್ನು ಕರೆಸಿದ್ದ ಹುಡುಗಿ ಕೇಳಿದಳು.

“ಎಲ್ಲಾ ಕಾಡೂ ಇದ ಐತಿ. ರಾಮ ವನವಾಸಕ್ಕ ಬಂದಿದ್ದೂ ಇಲ್ಲೇ, ನಳ ದಮಯಂತೀನ ಬಿಟ್ಟು ಹೋಗಿದ್ದೂ ಇಲ್ಲೇ.”

“ಮರದಾಗ ಈ ಪೊಟರೆ? ಗೂಬಿ ಗೂಡೇನ್ರಿ?”

“ಗೂಬಿ ಅಲ್ಲವ್ವಾ, ಇಕಿ!” ಮುದುಕ ಹೆಂಡತಿಯ ಕಡೆ ಕೈ ತೋರಿಸಿದ. “ ಆಟ ಶುರು ಆಗೂ ಮೊದಲ ಪರದೆ ಹಿಂದ ನಿಂತು ಆ ತೂತಿನಾಗ ಕಣ್ಣಿಟ್ಟು ಮಂದಿ ನೋಡಾಕಿ. ‘ಒಂದು ಕುರ್ಚಿನೂ ಖಾಲಿ ಇಲ್ರಿ’ ಅಂತ ದಿನಾ ಹೇಳಾಕಿ. ಅದನ್ನ ಕೇಳಿದ ಮ್ಯಾಲೇ ನನಗ ಮೈಯಾಗ ಕಸುವು ಬರ್ತಿತ್ತು. ಅಂಥಾ ಕಂಪನಿ ಮುಳುಗ್ತು ಅಂದ್ರ ಏನರ್ಥ? ಮಾಲಕ ರೊಕ್ಕಾ ನುಂಗಿದ. ಅವ ಸತ್ತಾಗ ನಾ ಮಣ್ಣಿಗೂ ಹೋಗಲಿಲ್ಲ.”

ಹೆಂಡತಿ ಪರದೆಯ ಕಡೆ ಮುಖ ತಿರುಗಿಸಿದಳು.

“ಇನ್ನೊಮ್ಮೆ ನೋಡಿ ಹೇಳ,” ಮುದುಕ ದಣಿದ ದನಿಯಲ್ಲೇ ನಕ್ಕ. “ಎಷ್ಟು ಮಂದಿ ಕೂತಾರ?”

ಅವಳು ಸೊಂಟ ಹಿಡಿದುಕೊಂಡು ಬಾಗಿ, ಪೊಟರೆಗೆ ಕಣ್ಣಿಟ್ಟಳು. ಆಚೆ ಬರೀ ಸುಣ್ಣದ ಗೋಡೆ. ಬಹಳ ಹೊತ್ತು ಹಾಗೇ ನೋಡಿದಳು.

“ಆಗ ಎಷ್ಟು ಮಂದಿ ಇರ್ತಿದ್ರೋ, ಈಗೂ ಅಷ್ಟ ಅದಾರ್ರಿ.”