ಒಂದು ದಿನದ ರಜೆ

ಕಾರ್ಮಿಕರು ತಮಗೆ ಬೇಕೆನಿಸಿದ ದಿನ ಸಂಬಳ ಸಹಿತ ರಜೆ ಪಡೆಯಬಹುದೆಂಬ ಮಸೂದೆ ಸಿದ್ಧವಾಗುತ್ತಿತ್ತು. ಅವರ ಅಹವಾಲು ಕೇಳಲು ಅಧಿಕಾರಿ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರು. ಇನ್ನೂರು ಕುರ್ಚಿ ಹಾಕಿಸಿದ್ದರು. ಬಂದವಳು ಒಬ್ಬಳೇ, ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುವ ಹೆಂಗಸು. ಇನ್ನೂರು ಜನರ ಉಪ್ಪಿಟ್ಟು ತಣ್ಣಗಾಗುತ್ತಿತ್ತು.

"ಮಿಕ್ಕೋರೆಲ್ಲಿ ಅಮ್ಮಾ?"

"ಡ್ಯೂಟೀಲವ್ರೆ ಸಾರ್. ರಜಾ ಕೊಡಲ್ಲ."

"ನಿಮಗೆ ಕೊಟ್ಟಿದ್ದಾರಲ್ಲ?"

"ಹೂಂ ಸಾರ್, ಕೊಟ್ರು."

ಅಧಿಕಾರಿಯ ಮುಖ ಅರಳಿತು. "ಕೇಳಿದ್ರೆ ಕೊಡ್ತಾರೆ ಅಂತಾಯ್ತು. ಮತ್ತೆ ಕಾನೂನು ಯಾಕಮ್ಮ?" ಎನ್ನುತ್ತ ಅದನ್ನೇ ವರದಿಯಲ್ಲಿ ಬರೆದುಕೊಂಡರು. "ಅಂದಹಾಗೆ, ಎಷ್ಟು ದಿನ ಕೇಳಿದ್ರಿ?"

"ಇವತ್ತೊಂದಿನ ಕೇಳ್ದೆ ಸಾರ್. ಇನ್ಮೇಲೆ ಬರ್ಲೇಬೇಡ ಅಂದ್ರು."