ತುಟ್ಟಿ ರೀಲು

ಕಲ್ಲುಕ್ವಾರಿಯಲ್ಲಿ ಸಿಡಿಸಿದ ಮದ್ದಿಗೆ ಶಾಲೆಯ ಗೋಡೆ ಬಿರುಕು ಬಿಟ್ಟಿತ್ತು. ಸ್ಟುಡಿಯೋದ ನೀಲಮ್ಮ ಅದರ ಫೋಟೋ ತೆಗೆದು ತಹಶೀಲ್ದಾರರಿಗೆ ದೂರು ಕೊಟ್ಟಳು. ವಿಚಾರಣೆಯ ದಿನ ಬರುವಷ್ಟರಲ್ಲಿ ಕ್ವಾರಿಯ ಸಾಹುಕಾರರು ಗೋಡೆಗೆ ಗಿಲಾವು ಮಾಡಿಸಿ, ಸುಣ್ಣ ಬಳಿಸಿಬಿಟ್ಟಿದ್ದರು.

"ಬಿರುಕು ಗೋಡೇದಲ್ರೀ ಸಾಹೇಬ್ರ, ಈಕಿ ರೀಲಿಂದು," ಎಂದು ಸಾಹುಕಾರರು ನಕ್ಕರು. "ಅಗ್ಗದ ಕಪ್ಪು-ಬಿಳಿ ರೀಲು, ಬರೇ ಗೀರು ಬೀಳ್ತಾವ. ದೊಡ್ಡ ಕಂಪನಿ ರೀಲಿನ್ಯಾಗ ತೆಗೀಬೇಕಿತ್ತು."

ನೀಲಮ್ಮನ ಮೈ ಉರಿಯಿತು. ಇಪ್ಪತ್ತು ವರ್ಷ ಊರಿನವರ ಮುಖಗಳನ್ನೆಲ್ಲ ಅದೇ ರೀಲಿನಲ್ಲಿ ಹಿಡಿದವಳು ಅವಳು. ಚೀಲದಿಂದ ಅದೇ ಗೋಡೆಯ ಇನ್ನೊಂದು ಫೋಟೋ ತೆಗೆದು ಮೊದಲಿನದರ ಪಕ್ಕಕ್ಕಿಟ್ಟಳು.

"ಇದು ನೀವು ಹೇಳೋ ಕಂಪನೀದು. ಇದರಾಗ ಕಪ್ಪು ಒಂಚೂರು ಹೆಚ್ಚು ಕಪ್ಪು, ಅಷ್ಟ. ಬಿರುಕು ಎಲ್ಲಿತ್ತೋ ಅಲ್ಲೇ ಐತಿ."

ಸಾಹುಕಾರರು ಮೇಜು ಗುದ್ದಿದರು. "ಸುಳ್ಳು! ಅಷ್ಟು ತುಟ್ಟಿ ರೀಲು ನಿನಗ ಎಲ್ಲಿಂದ ಬಂತು?"

"ಕೊಡಿಸಿದವ್ರು ಇದರಾಗ ಅದಾರ, ನೋಡ್ರೀ ಸಾಹೇಬ್ರ," ಎಂದು ನೀಲಮ್ಮ ನೆಗೆಟಿವ್ ಪಟ್ಟಿಯನ್ನು ತಹಶೀಲ್ದಾರರ ಕೈಗೆ ಕೊಟ್ಟಳು. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು.

ಪಟ್ಟಿಯಲ್ಲಿ ಬಿರುಕಿನ ಚಿತ್ರಕ್ಕೆ ಮುಂಚಿನ ಚೌಕದಲ್ಲೇ, ಕೊರಳ ತುಂಬ ಸನ್ಮಾನದ ಹಾರ ಹಾಕಿಕೊಂಡು, ಸಾಹುಕಾರರು ನಗುತ್ತ ನಿಂತಿದ್ದರು.