ಅತ್ತೆಯ ಪಾಲಿನ ತೂಕ

ಗಡಿಯ ಗೇಟು ಇನ್ನೇನು ಬಂತು ಎನ್ನುವಾಗ, ಮುದುಕಿಯ ಶಾಲಿನೊಳಗಿದ್ದ ಫ್ಲಾಸ್ಕು ಸಿಕ್ಕಿಬಿತ್ತು.

"ಏನಜ್ಜೀ ಇದು?" ಎಂದ ತೂಕದಣ್ಣ. ಬಸ್ಸು ಅವನದೇ. ಎಲ್ಲರ ಚೀಲಗಳನ್ನೂ ಕೊಕ್ಕೆ ತಕ್ಕಡಿಗೆ ನೇತುಹಾಕಿ ನೋಡುತ್ತಿದ್ದುದರಿಂದ ಅವನಿಗೆ ಆ ಹೆಸರು. ಬಸ್ಸಿನ ಹಣೆಯ ಮೇಲೆ 'ವಿಹಾರ ಪ್ರವಾಸ' ಎಂದು ದಪ್ಪಕ್ಷರದಲ್ಲಿ ಬರೆಸಿದ್ದ. ವಿಹಾರವೂ ಇಲ್ಲ, ಮಣ್ಣೂ ಇಲ್ಲ. ಆಚೆ ದೇಶದಲ್ಲಿ ಅಗ್ಗಕ್ಕೆ ಸಿಗುವ ಸೋಪು, ಶಾಂಪೂ, ಟವೆಲ್ಲುಗಳನ್ನು ಈಚೆಯ ಹೋಟೆಲುಗಳಿಗೆ ಸಾಗಿಸುವುದು ಅವನ ಕಸುಬು. ಆ ಟವೆಲ್ಲಿನಲ್ಲಿ ಮೈ ಒರೆಸಿಕೊಳ್ಳುವವರು ನಿಜವಾದ ಪ್ರವಾಸಿಗರು. ಒಬ್ಬೊಬ್ಬರು ಇಂತಿಷ್ಟು ತೂಕದ ಸಾಮಾನನ್ನು ಸುಂಕವಿಲ್ಲದೆ ತರಬಹುದೆಂದು ಕಾನೂನಿತ್ತು. ಹಾಗಾಗಿ ತೂಕದಣ್ಣನಿಗೆ ಬೇಕಾಗಿದ್ದದ್ದು ತಲೆಗಳು ಮಾತ್ರ. ಬಾಯಲ್ಲಿ ಹಲ್ಲಿದ್ದರೂ ಸರಿ, ಇಲ್ಲದಿದ್ದರೂ ಸರಿ.

"ಫ್ಲಾಸ್ಕಪ್ಪಾ. ನನ್ನ ದುಡ್ಡಲ್ಲೇ ತಗೊಂಡಿದ್ದು."

"ದುಡ್ಡು ನಿಮ್ದೇ ಇರಬಹುದು ಅಜ್ಜಿ. ತೂಕ ನಂದಲ್ವಾ? ನಿಮ್ಮ ಚೀಲಾನ ಮುಳ್ಳಿಗೆ ಸರಿಯಾಗಿ ತುಂಬಿದೀನಿ. ಹಳೇದು ಹೊಸದು ಅಂತ ಗೇಟಿನ ಸುಂಕದವರು ನೋಡಲ್ಲ, ಕೈಲಿರೋದೆಲ್ಲಾ ತಕ್ಕಡಿಗೆ ಹಾಕ್ತಾರೆ. ಒಂಚೂರು ಹೆಚ್ಚಾದ್ರೂ ಬಸ್ಸನ್ನೇ ಜಾಲಾಡಿಬಿಡ್ತಾರೆ."

"ನಾಲ್ಕು ಸೋಪು ತೆಗೆದಿಡೋಕೆ ಆಗಲ್ವಾ ಮಗಾ?"

"ಹೋಟೆಲಿನವರು ಲೆಕ್ಕ ಹಾಕಿ ತರಿಸಿರೋ ಮಾಲು ಅದು."

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ತೂಕದಣ್ಣ ಮುದುಕಿಯ ಪಕ್ಕದ ಸೀಟಿನಲ್ಲಿದ್ದ ಅವಳ ಸೊಸೆಯ ಕಡೆ ತಿರುಗಿದ. "ನೀನೇ ಹೇಳಮ್ಮಾ ಇವರಿಗೆ. ಇಲ್ಲಾಂದ್ರೆ ಮುಂದಿನ ವಾರದಿಂದ ಇಬ್ಬರೂ ಆರಾಮಾಗಿ ಮನೇಲಿರಿ. ತಲೆಗಳಿಗೇನು ಬರಗಾಲವಾ?"

ಸೊಸೆಯ ಗಂಡ ಸೊಂಟ ಮುರಿದುಕೊಂಡು ಮಲಗಿದ ಮೇಲೆ ಮನೆಯ ಒಲೆ ಉರಿಯುತ್ತಿದ್ದುದೇ ಈ ಎರಡು ತಲೆಗಳಿಂದ. ಅವಳ ಚೀಲವೂ ಕಂಠಮಟ್ಟ ತುಂಬಿತ್ತು. ಭಯಕ್ಕೆ ದನಿ ತಾನಾಗಿಯೇ ಏರಿತು.

"ಯಾಕೆ ಬೇಕಿತ್ತು ಅತ್ತೆ ಇದೆಲ್ಲಾ? ಮನೇಲಿ ಚೆಂಬಿಲ್ವಾ, ಲೋಟ ಇಲ್ವಾ? ಈ ವಯಸ್ಸಲ್ಲಿ ನಿಮಗೂ ಶೋಕಿನಾ?"

ಬಸ್ಸಿನಲ್ಲಿದ್ದವರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡರು. ಮುದುಕಿ ಫ್ಲಾಸ್ಕಿನ ನೀಲಿ ಮುಚ್ಚಳವನ್ನು ಬೆರಳಿನಿಂದ ಸವರುತ್ತ ಮೆಲ್ಲಗೆ ಹೇಳಿದಳು.

"ಕೆಮ್ಮು ಬಂದಾಗೆಲ್ಲಾ ಬಿಸಿನೀರಿಗೆ ನಿನ್ನನ್ನೇ ಎಬ್ಬಿಸಬೇಕಲ್ಲೇ. ದುಡಿದು ಸಾಕಾಗಿ ಮಲಗಿರ್ತೀಯ. ಹಾಸಿಗೆ ಪಕ್ಕ ಇದೊಂದಿದ್ರೆ ನೀನಾದ್ರೂ ನಿದ್ದೆ ಮಾಡ್ತೀಯ ಅಂತ..."

ನಿನ್ನೆ ರಾತ್ರಿಯಷ್ಟೇ ಸೊಸೆ ಬಿಸಿನೀರಿನ ಲೋಟವನ್ನು ಅತ್ತೆಯ ಮುಂದೆ ಕುಕ್ಕಿ, "ನಿಮ್ಮ ಕೆಮ್ಮಿಗೆ ಮುಹೂರ್ತ ಇದೇ ಹೊತ್ತಿಗಾ?" ಎಂದಿದ್ದಳು. ಅವಳು ಅತ್ತೆಯ ಮುಖ ನೋಡದೆ ಫ್ಲಾಸ್ಕು ತೆಗೆದುಕೊಂಡು ಬಸ್ಸಿನಿಂದಿಳಿದಳು.

ಗೇಟಿನ ಪಕ್ಕದಲ್ಲಿ ಮೊಣಕಾಲೆತ್ತರದ ಕಟ್ಟೆಯಿತ್ತು. ಫ್ಲಾಸ್ಕಿಗೆ ಅಲ್ಲಿ ಜೊತೆಗೇನೂ ಕೊರತೆಯಿರಲಿಲ್ಲ. ಯಾರೋ ಬಿಟ್ಟುಹೋದ ಬಾಣಲೆ, ಮಗುವಿನ ಕೆಂಪು ಬೂಟು, ಬೆಲೆಯ ಚೀಟಿಯನ್ನೂ ಕೀಳದ ಒಂದು ಕನ್ನಡಿ. ಸೊಸೆ ಫ್ಲಾಸ್ಕನ್ನು ಬೂಟಿನ ಪಕ್ಕದಲ್ಲಿಟ್ಟು, ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಬಂದಳು. ಯಾಕೆ ತಿರುಗಿಸಿದಳೋ ಅವಳಿಗೂ ಗೊತ್ತಿಲ್ಲ.

ಸಾಲು ಮುಂದೆ ಸಾಗಿತು. ಅಧಿಕಾರಿ ಮುದುಕಿಯ ಚೀಲವನ್ನು ತಕ್ಕಡಿಯ ಮೇಲಿಟ್ಟ. ತೂಕದಣ್ಣನ ಕೈಗುಣ ದೊಡ್ಡದು, ಮುಳ್ಳು ಗೆರೆಗೆ ಬಂದು ಒಂದು ಕೂದಲೆಳೆಯೂ ಆಚೆ ಹೋಗದೆ ನಿಂತಿತು. ಆದರೂ ಅಧಿಕಾರಿಗೆ ಅನುಮಾನ. ಜಿಪ್ಪು ಎಳೆದು ಇಣುಕಿದ.

"ಇಷ್ಟೊಂದು ಸೋಪಾ ಅಜ್ಜಿ? ನಿಜ ಹೇಳಿ, ಇದರಲ್ಲಿ ನಿಮ್ದು ಯಾವುದು?"

ತೂಕದಣ್ಣ ಹಿಂದಿನಿಂದ ಗಂಟಲು ಸರಿಮಾಡಿಕೊಂಡ. ಸೊಸೆ ತಲೆ ಎತ್ತಲಿಲ್ಲ. ಮುದುಕಿ ಒಮ್ಮೆ ಕಟ್ಟೆಯ ಕಡೆ ನೋಡಿದಳು. ಆಮೇಲೆ, ಬಸ್ಸು ಹತ್ತಿದ ಮೊದಲ ದಿನವೇ ತೂಕದಣ್ಣ ಬಾಯಿಪಾಠ ಮಾಡಿಸಿದ್ದ ಮಾತನ್ನು ಒಂದಕ್ಷರವೂ ತಪ್ಪದಂತೆ ಒಪ್ಪಿಸಿದಳು.

"ಎಲ್ಲಾ ನಂದೇ ಸ್ವಾಮಿ."